ಹಳೇ ಕಾರಿಗೆ ಯಾರ ಜಾಮೀನು?

ಹೊಸ ಕಾರಿಗಿಂತ ಹಳೇ ಕಾರಿಗೆ ಹೆಚ್ಚು ದುಡ್ಡು ಎಣಿಸಿಕೊಡಬೇಕಾಗಿದ್ದ ಕಾಲವೊಂದು ಈ ದೇಶದಲ್ಲಿತ್ತು. ಫಿಯೆಟ್‌ಗೆ ಹೆಸರು ಬರೆಸಿದವರು ವರ್ಷಗಟ್ಟಲೆ ಕಾಯಬೇಕಿತ್ತು. ಕಾಯಲು ಆಗದ ಡಾಕ್ಟರು, ಗುತ್ತಿಗೆದಾರರು, ಮಂಡಿ ವ್ಯಾಪಾರಿಗಳು ಒಂದೆರಡು ವರ್ಷ ಓಡಿದ ಗಾಡಿ ಯಾರ ಮನೆ ಮುಂದೆ ನಿಂತಿದೆ ಎಂದು ಹುಡುಕಿಸುತ್ತಿದ್ದರು. ಸಿಕ್ಕರೆ ಶೋರೂಮಿನ ಬೆಲೆಗಿಂತ ಹೆಚ್ಚೇ ಕೊಟ್ಟು ತರುತ್ತಿದ್ದರು. ಬಳಸಿದ ವಸ್ತುವಿಗೆ ಬೆಲೆ ಇಳಿಯಬೇಕು ಎಂಬ ಲೋಕರೂಢಿ ಕಾರಿನ ಮಟ್ಟಿಗೆ ನಡೆಯುತ್ತಲೇ ಇರಲಿಲ್ಲ.

ಇಂದು ಅದೇ ದೇಶದಲ್ಲಿ ಮೊಬೈಲಿನ ಪರದೆಯ ಮೇಲೆ ಬೆರಳಾಡಿಸಿದರೆ ಸಾವಿರಾರು ಹಳೇ ಕಾರುಗಳು ಸಾಲಾಗಿ ಬರುತ್ತವೆ. 2023-24ರಲ್ಲಿ ದೇಶದೊಳಗೆ ಮಾರಾಟವಾದ ಹೊಸ ಕಾರುಗಳು 42 ಲಕ್ಷ. ಕೈ ಬದಲಿಸಿದ ಹಳೇ ಕಾರುಗಳು ಅದಕ್ಕಿಂತ ಹೆಚ್ಚು, 50 ಲಕ್ಷಕ್ಕೂ ಮೇಲೆ ಎನ್ನುವುದು ಉದ್ಯಮದ ಅಂದಾಜು. ಈ ಬದಲಾವಣೆಯನ್ನು ಇಂಟರ್ನೆಟ್ಟಿನ ಲೆಕ್ಕಕ್ಕೆ ಬರೆಯುವವರೇ ಹೆಚ್ಚು. ಆದರೆ ಈ ವ್ಯಾಪಾರದ ಚರಿತ್ರೆಯನ್ನು ಹಿಂದಿನಿಂದ ಓದಿಕೊಂಡು ಬಂದರೆ ಬೇರೆಯೇ ಪ್ರಶ್ನೆಯೊಂದು ಉದ್ದಕ್ಕೂ ಕಾಣುತ್ತದೆ. ಈ ಗಾಡಿ ಸರಿಯಾಗಿದೆ, ಇದು ಮಾರುವವನದ್ದೇ, ನಾಳೆ ಇದರಿಂದ ತೊಂದರೆಯಾಗದು ಎಂದು ಯಾರು ಜಾಮೀನು ನಿಲ್ಲುತ್ತಾರೆ? ಪ್ರತಿ ಕಾಲದ ವ್ಯಾಪಾರವೂ ಈ ಪ್ರಶ್ನೆಗೆ ತನ್ನದೇ ಉತ್ತರ ಕಟ್ಟಿಕೊಂಡಿದೆ. ಯಾವ ಉತ್ತರವೂ ಇನ್ನೂ ಪೂರ್ಣವಾಗಿಲ್ಲ.

ಸ್ವಾತಂತ್ರ್ಯಕ್ಕೆ ಮೊದಲು ಕಾರು ಎಂದರೆ ಹೊರಗಿನಿಂದ ಬಂದದ್ದು. 1920ರ ದಶಕದಲ್ಲಿ ಫೋರ್ಡ್ ಮತ್ತು ಜನರಲ್ ಮೋಟಾರ್ಸ್ ಕಂಪನಿಗಳು ಬಿಡಿಭಾಗಗಳನ್ನು ಹಡಗಿನಲ್ಲಿ ತಂದು ಇಲ್ಲಿ ಜೋಡಿಸಿ ಮಾರುತ್ತಿದ್ದವು. ಇಲ್ಲಿಯೇ ಕಾರು ತಯಾರಾಗಬೇಕೆಂದು ಹಟ ಹಿಡಿದವರಲ್ಲಿ ಸರ್ ಎಂ. ವಿಶ್ವೇಶ್ವರಯ್ಯನವರು ಮೊದಲಿಗರು. ದಿವಾನಗಿರಿ ಬಿಟ್ಟು ಎಷ್ಟೋ ವರ್ಷಗಳಾದ ಮೇಲೆ, 1935ರಲ್ಲಿ, ಎಪ್ಪತ್ತು ದಾಟಿದ ವಯಸ್ಸಿನಲ್ಲಿ ಅವರು ಯುರೋಪ್ ಮತ್ತು ಅಮೆರಿಕದ ಕಾರ್ಖಾನೆಗಳನ್ನು ಸುತ್ತಿ ಬಂದು ಯೋಜನೆಯೊಂದನ್ನು ಬರೆದರು. ಉದ್ಯಮಿ ವಾಲ್‌ಚಂದ್ ಹಿರಾಚಂದ್ ಬಂಡವಾಳದ ಹೊಣೆ ಹೊರಲು ಸಿದ್ಧರಿದ್ದರು. ಮೈಸೂರು ಸಂಸ್ಥಾನವೂ ನೆರವಿಗೆ ಮುಂದೆ ಬಂತು. ಯುದ್ಧಕಾಲದ ಬ್ರಿಟಿಷ್ ಸರ್ಕಾರ ಮಾತ್ರ ಒಪ್ಪಲಿಲ್ಲ. ಅದಕ್ಕೆ ಬೇಕಿದ್ದದ್ದು ವಿಮಾನ. ಹೀಗಾಗಿ 1940ರ ಡಿಸೆಂಬರ್‌ನಲ್ಲಿ ವಾಲ್‌ಚಂದ್ ಮತ್ತು ಮೈಸೂರು ಸಂಸ್ಥಾನ ಸೇರಿ ಬೆಂಗಳೂರಿನಲ್ಲಿ ಕಟ್ಟಿದ್ದು ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಯನ್ನು. ಕಾರಿನ ಕನಸು 1944ರಲ್ಲಿ ಪ್ರೀಮಿಯರ್ ಆಟೊಮೊಬೈಲ್ಸ್ ಎಂಬ ಹೆಸರಿನಲ್ಲಿ ಮುಂಬಯಿಗೆ ಹೋಯಿತು. ಬೆಂಗಳೂರಿಗೆ ಬರಬಹುದಾಗಿದ್ದ ಕಾರ್ಖಾನೆ ಕುರ್ಲಾದಲ್ಲಿ ಎದ್ದಿತು. ಮುಂದೆ ಅರ್ಧ ಶತಮಾನ ಕನ್ನಡ ನಾಡಿನ ಹಳೇ ಕಾರಿನ ಪೇಟೆಯಲ್ಲಿ ಅಂಬಾಸಡರ್ ಜೊತೆಗೆ ರಾಜ್ಯವಾಳಿದ್ದು ಅಲ್ಲಿಂದ ಬಂದ ಫಿಯೆಟ್.

ಎರಡನೇ ಮಹಾಯುದ್ಧ ಮುಗಿದಾಗ ಸೇನೆಗೆ ಬೇಡವಾದ ವಾಹನಗಳು ರಾಶಿಬಿದ್ದವು. ಸರ್ಕಾರ ಅವನ್ನು ಡಿಸ್ಪೋಸಲ್‌ನಲ್ಲಿ ಹರಾಜು ಹಾಕಿತು. ಕೊಡಗು, ಚಿಕ್ಕಮಗಳೂರಿನ ಕಾಫಿ ತೋಟಗಳ ಏರುದಾರಿಗೆ ಹೇಳಿ ಮಾಡಿಸಿದಂತಿದ್ದ ವಿಲ್ಲಿಸ್ ಜೀಪುಗಳು ಸಾಮಾನ್ಯ ಜನರ ಕೈಗೆ ಸಿಕ್ಕ ದಾರಿಗಳಲ್ಲಿ ಇದೂ ಒಂದು. ಅಲ್ಲಿ ಜಾಮೀನಿನ ಮಾತೇ ಇರಲಿಲ್ಲ. ಇದ್ದಹಾಗೆಯೇ ಕೊಂಡು, ಎಳೆಸಿಕೊಂಡು ಹೋಗಿ, ಮೇಸ್ತ್ರಿಯ ಕೈಗೆ ಒಪ್ಪಿಸಬೇಕು. ಜೀಪಿನ ಯಂತ್ರ ಸರಳವಾಗಿದ್ದುದರಿಂದ ಈ ಪದ್ಧತಿ ನಡೆಯಿತು.

ಬಿಗಿ ಶುರುವಾದದ್ದು ಆಮೇಲೆ. 1953ರಲ್ಲಿ ಕೇಂದ್ರ ಸರ್ಕಾರ, ಬರೀ ಜೋಡಿಸುವ ಕಂಪನಿಗಳಿಗೆ ಇಲ್ಲಿ ಜಾಗವಿಲ್ಲ, ತಯಾರಿಸುವುದಾದರೆ ಮಾತ್ರ ಇರಿ ಎಂದಿತು. ಫೋರ್ಡ್, ಜನರಲ್ ಮೋಟಾರ್ಸ್ ಹೊರಟುಹೋದವು. ಉಳಿದದ್ದು ಮೂರು ಮನೆ: ಪಶ್ಚಿಮ ಬಂಗಾಳದ ಉತ್ತರಪಾರಾದಲ್ಲಿ ಅಂಬಾಸಡರ್ ತಯಾರಿಸುತ್ತಿದ್ದ ಹಿಂದೂಸ್ತಾನ್ ಮೋಟಾರ್ಸ್, ಮುಂಬಯಿಯ ಪ್ರೀಮಿಯರ್, ಮದರಾಸಿನ ಸ್ಟ್ಯಾಂಡರ್ಡ್. ಎಷ್ಟು ತಯಾರಿಸಬೇಕೆಂಬುದಕ್ಕೆ ಪರವಾನಗಿ, ಎಷ್ಟಕ್ಕೆ ಮಾರಬೇಕೆಂಬುದಕ್ಕೂ ಸರ್ಕಾರದ ಹಿಡಿತ. 1980ರ ದಶಕ ಶುರುವಾದಾಗಲೂ ಇಡೀ ದೇಶದ ಕಾರು ತಯಾರಿಕೆ ವರ್ಷಕ್ಕೆ 50,000 ಮುಟ್ಟುತ್ತಿರಲಿಲ್ಲ.

ಆ ಕಾಲದ ಬೆಲೆ ಎಷ್ಟೆಂದು ತಿಳಿಯಲು ಪ್ರಧಾನಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರ ಫಿಯೆಟ್ ಒಂದು ದಾಖಲೆ. ಅದರ ಬೆಲೆ 12,000 ರೂಪಾಯಿ. ಮನೆಯಲ್ಲಿದ್ದದ್ದು 7,000. ಉಳಿದ 5,000ವನ್ನು ಅವರು ಪಂಜಾಬ್ ನ್ಯಾಷನಲ್ ಬ್ಯಾಂಕಿನಿಂದ ಸಾಲ ತಂದರು. 1966ರ ಜನವರಿಯಲ್ಲಿ ತಾಷ್ಕೆಂಟಿನಲ್ಲಿ ಅವರು ತೀರಿಕೊಂಡಾಗ ಸಾಲ ಬಾಕಿಯಿತ್ತು. ಪತ್ನಿ ಲಲಿತಾ ಅವರು ಅದನ್ನು ತೀರಿಸಿದರು. ದೇಶದ ಪ್ರಧಾನಿಗೇ ಸಾಲವಿಲ್ಲದೆ ಎಟುಕದ ವಸ್ತುವಿಗೆ ಇಷ್ಟುದ್ದದ ಸರತಿ ಇತ್ತೆಂದರೆ, ಸರತಿಯಲ್ಲಿ ಮುಂದಿದ್ದವನ ಹೆಸರಿಗೇ ಒಂದು ಬೆಲೆ ಬಂದದ್ದು ಅಚ್ಚರಿಯಲ್ಲ.

1959ರಲ್ಲಿ ಕಾರುಗಳ ಹಂಚಿಕೆ ಮತ್ತು ಮಾರಾಟ ನಿಯಂತ್ರಣ ಆದೇಶ ಬಂತು. ಹೀಗೆ ಹಂಚಿಕೆಯಾದ ಕಾರು ಕೊಂಡವರು ನಿಗದಿತ ಅವಧಿಗೆ ಮೊದಲು ಅನುಮತಿಯಿಲ್ಲದೆ ಅದನ್ನು ಮಾರುವಂತಿರಲಿಲ್ಲ. ಉದ್ದೇಶ ಒಳ್ಳೆಯದೇ: ಸರತಿಯಲ್ಲಿ ನಿಂತು ಕಾರು ಪಡೆದು, ಮರುದಿನವೇ ಬ್ಲ್ಯಾಕಿನಲ್ಲಿ ಮಾರುವವರನ್ನು ತಡೆಯಬೇಕಿತ್ತು. ಜನ ಕಂಡುಕೊಂಡ ದಾರಿ ಬೇರೆ. ಗಾಡಿಯನ್ನು ಕೊಡುವುದು, ದುಡ್ಡು ತೆಗೆದುಕೊಳ್ಳುವುದು, ಆರ್‌ಸಿ ಪುಸ್ತಕದಲ್ಲಿ ಮಾತ್ರ ಹಳೇ ಹೆಸರನ್ನೇ ಬಿಡುವುದು. ಜೊತೆಗೊಂದು ಪವರ್ ಆಫ್ ಅಟಾರ್ನಿ, ಸಹಿ ಮಾಡಿದ ಖಾಲಿ ಫಾರಂ. ನಿಯಂತ್ರಣ ಹೋಗಿ ದಶಕಗಳಾದರೂ ಈ ಅಭ್ಯಾಸ ಹೋಗಲಿಲ್ಲ. ಹಳೇ ಕಾರಿನ ವ್ಯಾಪಾರದಲ್ಲಿ ಇವತ್ತಿಗೂ ಆಗುವ ಅನಾಹುತಗಳಲ್ಲಿ ದೊಡ್ಡದು ಇದರಿಂದಲೇ ಆಗುತ್ತಿದೆ.

ವಿದೇಶಿ ಕಾರಿನ ಆಸೆಯಿದ್ದವರಿಗೆ ಇದ್ದದ್ದು ಕಿರಿದಾದ ಬಾಗಿಲು. ದೆಹಲಿಯ ರಾಯಭಾರ ಕಚೇರಿಗಳು ಬಳಸಿ ಬಿಟ್ಟ ಕಾರುಗಳನ್ನು ಸ್ಟೇಟ್ ಟ್ರೇಡಿಂಗ್ ಕಾರ್ಪೊರೇಷನ್ ಟೆಂಡರ್ ಕರೆದು ಮಾರುತ್ತಿತ್ತು. ಮರ್ಸಿಡಿಸ್, ಶೆವ್ರೊಲೆ, ಟೊಯೊಟಾಗಳು ಸಿನಿಮಾ ನಟರ, ಉದ್ಯಮಿಗಳ ಅಂಗಳಕ್ಕೆ ಬಂದ ದಾರಿಗಳಲ್ಲಿ ಇದೊಂದು. ಅಲ್ಲಿ ಸರ್ಕಾರವೇ ಹಳೇ ಕಾರಿನ ವ್ಯಾಪಾರಿ.

ಉಳಿದವರ ಪಾಲಿಗೆ ಜಾಮೀನು ನಿಲ್ಲುತ್ತಿದ್ದವನು ಮೇಸ್ತ್ರಿ. ಗಾಡಿ ನೋಡಲು ಹೊರಟರೆ ಅವನಿಲ್ಲದೆ ಹೆಜ್ಜೆ ಇಡುವಂತಿರಲಿಲ್ಲ. ಅವನು ಮೊದಲು ಮಾತಾಡುತ್ತಲೇ ಇರಲಿಲ್ಲ. ಬೆಳಗಿನ ತಣ್ಣನೆಯ ಇಂಜಿನ್ನನ್ನು ತಾನೇ ಸ್ಟಾರ್ಟ್ ಮಾಡುತ್ತಿದ್ದ. ಮೊದಲೇ ಬಿಸಿ ಮಾಡಿಟ್ಟಿದ್ದರೆ ಅಲ್ಲೇ ಅನುಮಾನ. ಸೈಲೆನ್ಸರಿನಿಂದ ನೀಲಿ ಹೊಗೆ ಬಂದರೆ ಆಯಿಲ್ ಸುಡುತ್ತಿದೆ, ಇಂಜಿನ್ ಬೋರ್ ಮಾಡಿಸುವ ಕಾಲ ಹತ್ತಿರ ಬಂದಿದೆ. ಆಯಿಲ್ ಹಾಕುವ ಮುಚ್ಚಳ ತೆರೆದು ಅಂಗೈ ಅಡ್ಡ ಹಿಡಿದರೆ ಒತ್ತಿ ಬರುವ ಗಾಳಿಯೇ ಪಿಸ್ಟನ್ ರಿಂಗಿನ ಕಥೆ ಹೇಳುತ್ತಿತ್ತು. ಬಾಗಿಲ ಕೆಳಗಿನ ತಗಡನ್ನು ಬೆರಳ ಗೆಣ್ಣಿನಿಂದ ತಟ್ಟಿದಾಗ ಮಂದವಾದ ಸದ್ದು ಬಂದರೆ ಅಲ್ಲಿ ತುಕ್ಕು ತಿಂದು, ಟಿಂಕರಿಂಗ್ ಆಗಿ, ಪಟ್ಟಿ ಮೆತ್ತಿ ಬಣ್ಣ ಹೊಡೆದಿದ್ದಾರೆ ಎಂದೇ ಅರ್ಥ. ಕರಾವಳಿಯ ಕಾರಾದರೆ ಈ ತಟ್ಟುವ ಕೆಲಸ ಇನ್ನೂ ಹೆಚ್ಚು, ಏಕೆಂದರೆ ಉಪ್ಪುಗಾಳಿ ತಗಡನ್ನು ಬಿಡುವುದಿಲ್ಲ. ಟ್ಯಾಕ್ಸಿಯಾಗಿ ಓಡಿದ ಅಂಬಾಸಡರ್ ಆದರೆ ಬಾನೆಟ್ ಎತ್ತಿ ಒಳಗಿರುವುದು ಮೂಲ ಇಂಜಿನ್ನೋ, ಆಮೇಲೆ ಕೂರಿಸಿದ ಮಟಡೋರ್ ಡೀಸೆಲ್ ಇಂಜಿನ್ನೋ, ಕೂರಿಸಿದ್ದು ಆರ್‌ಸಿಯಲ್ಲಿ ದಾಖಲಾಗಿದೆಯೋ ನೋಡಬೇಕು. ಈ ವಿದ್ಯೆಯನ್ನು ಯಾವ ಪುಸ್ತಕವೂ ಕಲಿಸಲಿಲ್ಲ. ಬೆಂಗಳೂರಿನ ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಗಳ ಸುತ್ತಮುತ್ತ, ಶಿವಾಜಿನಗರದ ಗುಜರಿಯಲ್ಲಿ, ಜಿಲ್ಲಾ ಕೇಂದ್ರಗಳ ಗ್ಯಾರೇಜುಗಳಲ್ಲಿ ಅದು ಕೈಯಿಂದ ಕೈಗೆ ದಾಟಿತು. ಇಂದಿನ ಕಂಪನಿಗಳ ತಪಾಸಣೆ ಪಟ್ಟಿಯಲ್ಲಿ ಇರುವ ಎಷ್ಟೋ ಅಂಶಗಳು ಈ ಮೇಸ್ತ್ರಿಗಳ ಕೈಕಣ್ಣುಗಳಿಂದಲೇ ಬಂದವು ಎಂಬುದನ್ನು ಯಾರೂ ಬರೆದಿಡದಿರುವುದು ನೋವಿನ ಸಂಗತಿ.

ನಂಬರ್ ಪ್ಲೇಟೂ ಒಂದು ಸಾಕ್ಷಿ. ಮೈಸೂರು ರಾಜ್ಯದ ಕಾಲದ ‘ಎಂವೈ’ ಸರಣಿ, ಆಮೇಲಿನ ‘ಸಿಎ’ ಸರಣಿ ನೋಡಿದರೆ ಗಾಡಿಯ ವಯಸ್ಸನ್ನು ಕಣ್ಣಳತೆಯಲ್ಲಿ ಹೇಳಬಹುದಿತ್ತು. 1988ರ ಮೋಟಾರು ವಾಹನ ಕಾಯ್ದೆ 1989ರ ಜುಲೈ 1ರಂದು ಜಾರಿಗೆ ಬಂದ ಮೇಲೆ ಇಂದಿನ ‘ಕೆಎ’ ಸಂಖ್ಯೆಗಳು ಬಂದವು. ಮೂರನೆಯ ಸಾಕ್ಷಿ ಭಾನುವಾರದ ಪತ್ರಿಕೆಯ ವರ್ಗೀಕೃತ ಜಾಹೀರಾತು. ಪದಕ್ಕೆ ಇಷ್ಟು ಎಂದು ದುಡ್ಡು ಕೊಡಬೇಕಾದ್ದರಿಂದ ಅಲ್ಲಿನ ಭಾಷೆ ತೀರಾ ಬಿಗಿ: ‘ಸಿಂಗಲ್ ಓನರ್’, ‘ಡಾಕ್ಟರ್ ಗಾಡಿ’, ‘ಗುಡ್ ಕಂಡೀಷನ್’. ಡಾಕ್ಟರ ಕಾರಿಗೆ ಯಾಕೆ ಅಷ್ಟು ಬೆಲೆ? ಊರೊಳಗೇ ಓಡಿರುತ್ತದೆ, ಸಮಯಕ್ಕೆ ಸರಿಯಾಗಿ ಸರ್ವೀಸ್ ಆಗಿರುತ್ತದೆ, ಮೇಲಾಗಿ ಮಾರುವವನಿಗೆ ಊರಿನಲ್ಲಿ ಒಂದು ಹೆಸರಿರುತ್ತದೆ. ಜನ ಕೊಳ್ಳುತ್ತಿದ್ದದ್ದು ಆ ಹೆಸರನ್ನು.

ಸರತಿಯ ಆಟ ಮುಗಿಯುವ ಮೊದಲು ತನ್ನ ಉತ್ತುಂಗವನ್ನೂ ಕಂಡಿತು. 1982ರ ಅಕ್ಟೋಬರ್‌ನಲ್ಲಿ ಮಾರುತಿ ಉದ್ಯೋಗ್ ಜಪಾನಿನ ಸುಜುಕಿಯೊಂದಿಗೆ ಒಪ್ಪಂದ ಮಾಡಿಕೊಂಡಿತು. ಮರುವರ್ಷ ಬುಕಿಂಗ್ ತೆರೆದಾಗ ಎರಡೇ ತಿಂಗಳಲ್ಲಿ ಸುಮಾರು 1.35 ಲಕ್ಷ ಜನ ತಲಾ 10,000 ರೂಪಾಯಿ ಕಟ್ಟಿ ಕಾದರು. 1983ರ ಡಿಸೆಂಬರ್ 14ರಂದು ಇಂದಿರಾ ಗಾಂಧಿಯವರು ಮೊದಲ ಕಾರಿನ ಕೀಲಿಕೈ ಕೊಟ್ಟಾಗ ಅದರ ಬೆಲೆ 47,500 ರೂಪಾಯಿ. ಕೆಲವು ವರ್ಷ ಮಾರುತಿ 800ರ ಬುಕಿಂಗ್ ರಸೀದಿಯೇ ಮಾರಾಟದ ಸರಕಾಗಿತ್ತು. ಆದರೆ ಕಾರ್ಖಾನೆ ತಾಳ ತಪ್ಪದೆ ಕಾರು ಹೊರಹಾಕುತ್ತ ಹೋದಂತೆ ಸರತಿ ಕರಗಿತು. 1993ರಲ್ಲಿ ಕಾರು ತಯಾರಿಕೆಗೆ ಪರವಾನಗಿ ಬೇಕೆಂಬ ನಿಯಮ ಹೋಯಿತು. 1998ರ ಕೊನೆಯ ತಿಂಗಳುಗಳಲ್ಲಿ ಸ್ಯಾಂಟ್ರೊ, ಮಟೀಜ್, ಇಂಡಿಕಾ ಒಂದರ ಹಿಂದೊಂದು ಬಂದವು. ಬ್ಯಾಂಕುಗಳು ಸಾಲ ಹಿಡಿದು ಬಾಗಿಲಿಗೆ ಬಂದವು. ಹಳೇ ಕಾರು ಕೊನೆಗೂ ಹೊಸದಕ್ಕಿಂತ ಅಗ್ಗವಾಯಿತು.

ಆಗ ಎದ್ದು ನಿಂತದ್ದು ಇಷ್ಟು ಕಾಲ ಸರತಿಯ ಹಿಂದೆ ಅಡಗಿದ್ದ ಪ್ರಶ್ನೆ. ಹೊಸ ಕಾರು ನಾಳೆಯೇ ಸಿಗುವುದಾದರೆ ಈತ ತನ್ನ ಗಾಡಿಯನ್ನು ಯಾಕೆ ಮಾರುತ್ತಿದ್ದಾನೆ?

ಈ ಅನುಮಾನಕ್ಕೆ ಅರ್ಥಶಾಸ್ತ್ರದಲ್ಲಿ ಒಂದು ಪ್ರಸಿದ್ಧ ಲೆಕ್ಕವಿದೆ. ಅಮೆರಿಕದ ಜಾರ್ಜ್ ಅಕರ್ಲಾಫ್ 1970ರಲ್ಲಿ ಪ್ರಕಟಿಸಿದ ಪ್ರಬಂಧಕ್ಕೆ ಹಳೇ ಕಾರಿನ ಪೇಟೆಯೇ ಉದಾಹರಣೆ. ಗಾಡಿಯ ಒಳಗುಟ್ಟು ಮಾರುವವನಿಗೆ ಗೊತ್ತು, ಕೊಳ್ಳುವವನಿಗೆ ಗೊತ್ತಿಲ್ಲ. ಆದ್ದರಿಂದ ಕೊಳ್ಳುವವನು ಒಳ್ಳೆಯದಕ್ಕೂ ಕೆಟ್ಟದಕ್ಕೂ ನಡುವಿನ ಒಂದು ಬೆಲೆ ಹೇಳುತ್ತಾನೆ. ಚೆನ್ನಾಗಿಟ್ಟುಕೊಂಡವನಿಗೆ ಅದು ಗಿಟ್ಟುವುದಿಲ್ಲ, ಅವನು ಪೇಟೆ ಬಿಟ್ಟು ಹೋಗುತ್ತಾನೆ. ಉಳಿಯುವುದು ಕೆಟ್ಟ ಗಾಡಿಗಳು. ಮೂರು ಪತ್ರಿಕೆಗಳು ತಿರಸ್ಕರಿಸಿದ ಈ ಪ್ರಬಂಧ ಕೊನೆಗೆ ಅವರಿಗೆ 2001ರ ನೊಬೆಲ್ ಪ್ರಶಸ್ತಿಯ ಪಾಲು ತಂದಿತು. ಅಕರ್ಲಾಫ್ 1967-68ರಲ್ಲಿ ದೆಹಲಿಯ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯಲ್ಲಿ ಕೆಲಸ ಮಾಡಿದ್ದರು. ಆ ಪ್ರಬಂಧದಲ್ಲಿ ಭಾರತದ ಗೃಹಿಣಿಯೂ ಇದ್ದಾಳೆ: ಅಂಗಡಿಯವನು ಬೇಕೆಂದೇ ಬೆರೆಸಿದ, ಅಕ್ಕಿಯ ಬಣ್ಣ-ಆಕಾರದ್ದೇ ಆದ ಕಲ್ಲುಗಳನ್ನು ಆರಿಸಿ ತೆಗೆಯಬೇಕಾದವಳು. ಮೊರ ಹಿಡಿದು ಕೂತ ನಮ್ಮ ತಾಯಂದಿರಿಗೆ ಈ ಸಿದ್ಧಾಂತ ಹೊಸದಾಗಿರಲಿಲ್ಲ.

ಹಾಗಾದರೆ ಕಾರನ್ನು ಮುಟ್ಟದೆ, ತಟ್ಟದೆ, ಸ್ಟಾರ್ಟ್ ಮಾಡದೆ, ದೂರದಲ್ಲಿ ಕೂತು ಕೊಳ್ಳುವುದು ಹೇಗೆ ಸಾಧ್ಯವಾಯಿತು? ಉತ್ತರ ಜಪಾನಿನಲ್ಲಿದೆ, ಅದೂ ಇಂಟರ್ನೆಟ್ ಜನರ ಕೈಗೆ ಬರುವ ಎಷ್ಟೋ ಮೊದಲು. 1985ರಲ್ಲಿ ಆಕ್‌ನೆಟ್ ಎಂಬ ಕಂಪನಿ ಹಳೇ ಕಾರಿನ ವ್ಯಾಪಾರಿಗಳಿಗೆ ಚಿತ್ರಗಳು ತುಂಬಿದ ಲೇಸರ್ ಡಿಸ್ಕ್‌ಗಳನ್ನು ಕಳಿಸತೊಡಗಿತು. ವ್ಯಾಪಾರಿ ತನ್ನ ಅಂಗಡಿಯಲ್ಲೇ ಪರದೆಯ ಮೇಲೆ ಕಾರು ನೋಡಿ, ಟೆಲಿಫೋನ್ ತಂತಿಯ ಮೂಲಕ ಹರಾಜು ಕೂಗುತ್ತಿದ್ದ. ಕೆಲವೇ ವರ್ಷಗಳಲ್ಲಿ ಡಿಸ್ಕ್‌ನ ಜಾಗಕ್ಕೆ ಉಪಗ್ರಹ ಬಂತು. ಆದರೆ ಆಕ್‌ನೆಟ್‌ನ ನಿಜವಾದ ಹೊಸತನ ಯಂತ್ರದಲ್ಲಿರಲಿಲ್ಲ. ಕಂಪನಿಯ ತಪಾಸಣಾಕಾರರು ಪ್ರತಿ ಕಾರನ್ನೂ ಪರೀಕ್ಷಿಸಿ ಅದಕ್ಕೊಂದು ಅಂಕ ಕೊಡುತ್ತಿದ್ದರು. ವ್ಯಾಪಾರಿಗಳು ನಂಬಿ ಹಣ ಹಾಕಿದ್ದು ಆ ಅಂಕದ ಮೇಲೆ. ಈ ಹರಾಜಿನಲ್ಲಿ ಕಾರುಗಳಿಗೆ ಸಾಮಾನ್ಯ ಹರಾಜಿಗಿಂತ ಹೆಚ್ಚು ಬೆಲೆ ಸಿಗುತ್ತದೆ ಎಂದು 1990ರ ದಶಕದ ಅಧ್ಯಯನ ತೋರಿಸಿತು. ಒಳ್ಳೆಯ ಗಾಡಿಯ ಮಾಲೀಕ ಪೇಟೆ ಬಿಟ್ಟು ಹೋಗದಂತೆ ಮಾಡಲು ಒಂದು ಪ್ರಾಮಾಣಿಕ ಅಂಕ ಸಾಕಾಯಿತು.

ಶ್ರೀಲಂಕಾ, ಕೀನ್ಯಾದಂಥ ದೇಶಗಳ ಜನ ಜಪಾನಿನ ಹರಾಜು ಚೀಟಿಯನ್ನು ನೋಡಿ, ಹಡಗಿನಲ್ಲಿ ಕಾರು ತರಿಸಿಕೊಳ್ಳುವುದನ್ನು ರೂಢಿ ಮಾಡಿಕೊಂಡರು. ಭಾರತ ಆ ದಾರಿಗೆ ಬಾಗಿಲು ಹಾಕಿತು. 2001ರಲ್ಲಿ ಆಮದು ನಿರ್ಬಂಧ ಸಡಿಲಿಸುವಾಗ ಹಳೇ ಕಾರಿಗೆ ಮೂರು ವರ್ಷದ ವಯೋಮಿತಿ, ಮುಂಬಯಿ ಬಂದರೊಂದರಲ್ಲೇ ಇಳಿಸಬೇಕೆಂಬ ಷರತ್ತು, ಮೇಲೆ ಭಾರೀ ಸುಂಕ. ಇಲ್ಲಿನ ಕಾರ್ಖಾನೆಗಳ ಹಿತಕ್ಕೆ ಇದು ಬೇಕಿತ್ತು. ಪರಿಣಾಮವಾಗಿ ನಮ್ಮ ಹಳೇ ಕಾರಿನ ಪೇಟೆ ಪೂರ್ತಿ ಒಳನಾಡಿನದಾಗಿಯೇ ಬೆಳೆಯಿತು.

ಅದೇ 2001ರಲ್ಲಿ ಮಾರುತಿ ‘ಟ್ರೂ ವ್ಯಾಲ್ಯೂ’ ಮಳಿಗೆಗಳನ್ನು ಆರಂಭಿಸಿತು. ತಾನು ತಯಾರಿಸಿದ ಕಾರಿಗೆ ಎರಡನೇ ಸಲವೂ ಕಂಪನಿಯೇ ವಾರಂಟಿ ಕೊಡುವುದು ಇಲ್ಲಿ ಹೊಸ ಮಾತು. ಬ್ರೋಕರನ ಬಾಯಿಮಾತಿನ ಜಾಗದಲ್ಲಿ ಕಾಗದ ಬಂತು. ಇಂಟರ್ನೆಟ್ಟಿನಲ್ಲಿ 2005ರಲ್ಲಿ ಕಾರ್‌ವಾಲೆ, 2008ರಲ್ಲಿ ಜೈಪುರದ ಸಹೋದರರ ಕಾರ್‌ದೇಖೊ, 2009ರಲ್ಲಿ ಕಾರ್‌ಟ್ರೇಡ್ ಬಂದವು. ಓಎಲ್‌ಎಕ್ಸ್, ಕ್ವಿಕರ್‌ಗಳಲ್ಲಿ ಮಂಚ, ಮೊಬೈಲು, ನಾಯಿಮರಿಗಳ ನಡುವೆ ಕಾರೂ ಮಾರಾಟಕ್ಕೆ ನಿಂತಿತು. ಈ ಮೊದಲ ತಲೆಮಾರಿನ ತಾಣಗಳು ಮಾಡಿದ ಒಳ್ಳೆಯ ಕೆಲಸ ಒಂದು: ಬೆಲೆಯನ್ನು ಬಯಲಿಗಿಟ್ಟವು. ಹಾಸನದಲ್ಲಿ ಕೂತವನು ಇದೇ ವರ್ಷದ, ಇದೇ ಮಾದರಿಯ ಆಲ್ಟೊಗೆ ಬೆಂಗಳೂರಿನಲ್ಲಿ ಎಷ್ಟು ಹೇಳುತ್ತಿದ್ದಾರೆ ಎಂದು ನೋಡಬಹುದಾಯಿತು. ಬ್ರೋಕರನ ದೊಡ್ಡ ಬಲ ಇದ್ದದ್ದೇ ಬೆಲೆ ಅವನೊಬ್ಬನಿಗೆ ಗೊತ್ತಿರುವುದರಲ್ಲಿ. ಆದರೆ ಕಾರಿನ ಗುಣದ ವಿಷಯಕ್ಕೆ ಇವು ಭಾನುವಾರದ ಜಾಹೀರಾತಿನ ಪುಟವೇ, ಚಿತ್ರ ಸೇರಿಸಿದ್ದಷ್ಟೇ ಹೆಚ್ಚು. ಊರಿನಲ್ಲಿ ಹೆಸರಿದ್ದ ಡಾಕ್ಟರ ಜಾಗದಲ್ಲಿ ಮುಖವಿಲ್ಲದ ಒಂದು ಫೋನ್ ನಂಬರ್ ಬಂತು.

ಮೋಸಗಾರರು ಅದನ್ನು ಬೇಗ ಅರಿತರು. ಸೇನೆಯಲ್ಲಿದ್ದೇನೆ, ವರ್ಗವಾಗಿದೆ, ಅದಕ್ಕೇ ಅಗ್ಗಕ್ಕೆ ಕೊಡುತ್ತಿದ್ದೇನೆ ಎನ್ನುವುದು; ಸಮವಸ್ತ್ರದ ಫೋಟೊ, ಗುರುತಿನ ಚೀಟಿ ಕಳಿಸುವುದು; ಗಾಡಿ ಕಳಿಸಲು ಟೋಕನ್ ಅಡ್ವಾನ್ಸ್ ಕೇಳುವುದು; ದುಡ್ಡು ಬಂದೊಡನೆ ಫೋನ್ ಸ್ವಿಚ್ ಆಫ್. ಬೆಂಗಳೂರಿನ ಸೈಬರ್ ಠಾಣೆಗಳಲ್ಲಿ ಇಂಥ ದೂರುಗಳು ವರ್ಷಗಳ ಕಾಲ ಬಂದವು. ಈ ಜನ ದುರುಪಯೋಗ ಮಾಡಿಕೊಂಡದ್ದು ಸೈನಿಕರ ಮೇಲೆ ನಾಡಿಗಿರುವ ಗೌರವವನ್ನು. ಸಿಟ್ಟು ಬರುವುದು ಹೋದ ಹಣಕ್ಕಿಂತ ಹೆಚ್ಚಾಗಿ ಈ ಕಾರಣಕ್ಕೆ.

ಕಣ್ಣಿಗೆ ಕಾಣದ ಇನ್ನೊಂದು ಅಪಾಯ ಮಳೆಯದು. 2005ರ ಜುಲೈ 26ರಂದು ಮುಂಬಯಿಯ ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿಯಿತು. 2015ರ ಡಿಸೆಂಬರ್‌ನಲ್ಲಿ ಚೆನ್ನೈ ಮುಳುಗಿತು. ನೀರಲ್ಲಿ ನಿಂತ ಕಾರಿಗೆ ವಿಮಾ ಕಂಪನಿ ಪೂರ್ತಿ ನಷ್ಟ ಎಂದು ಪರಿಹಾರ ಕೊಟ್ಟು, ಗಾಡಿಯನ್ನು ಹರಾಜಿಗೆ ಬಿಡುತ್ತದೆ. ಅದು ತೊಳೆದು, ಒಣಗಿ, ಸುಗಂಧ ಹೊಡೆಸಿಕೊಂಡು ಬೇರೆ ಊರಿನ ಪೇಟೆಗೆ ಬರುತ್ತದೆ. ಚಿತ್ರದಲ್ಲಿ ಅದಕ್ಕಿಂತ ಚೆಂದದ ಕಾರು ಇರುವುದಿಲ್ಲ. ಸೀಟ್ ಬೆಲ್ಟನ್ನು ಕೊನೆಯವರೆಗೆ ಎಳೆದರೆ ಕಾಣುವ ಕೆಸರಿನ ಗೆರೆ, ಸೀಟಿನ ಅಡಿಯ ಬೋಲ್ಟಿನ ತುಕ್ಕು, ಕಾರ್ಪೆಟ್ ಎತ್ತಿದಾಗಿನ ವಾಸನೆ, ಇವು ಯಾವ ಚಿತ್ರದಲ್ಲೂ ಬರುವುದಿಲ್ಲ. ಮುಂದೆ ತಿಂಗಳುಗಳ ಮೇಲೆ ವೈರಿಂಗ್ ಒಂದೊಂದಾಗಿ ಕೈಕೊಡತೊಡಗುತ್ತದೆ.

2015 ಈ ಚರಿತ್ರೆಯಲ್ಲಿ ಒಂದು ತಿರುವು. ಆ ವರ್ಷ ಕಾರ್ಸ್24 ಮತ್ತು ಸ್ಪಿನ್ನಿ ಎರಡೂ ಹುಟ್ಟಿದವು. ಕಾರ್ಸ್24ರ ಮೊದಲ ವಿಧಾನ ಜಪಾನಿನ ಪಾಠದ್ದೇ. ಮಾರುವವರು ಗಾಡಿಯನ್ನು ಶಾಖೆಗೆ ತರಬೇಕು, ಅಲ್ಲಿನ ಹುಡುಗರು ತಪಾಸಣೆ ಮಾಡಿ ವಿವರ, ಚಿತ್ರ ಏರಿಸಬೇಕು, ಎಲ್ಲೆಲ್ಲೋ ಕೂತ ವ್ಯಾಪಾರಿಗಳು ಹರಾಜು ಕೂಗಬೇಕು. ಸ್ಪಿನ್ನಿ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಚೌಕಾಸಿಯಿಲ್ಲದ ಒಂದೇ ಬೆಲೆ, ಇಷ್ಟವಾಗದಿದ್ದರೆ ಕೆಲವು ದಿನಗಳೊಳಗೆ ವಾಪಸ್ ಎಂಬ ಮಾತು ಕೊಟ್ಟಿತು. 2020ರ ಕೊರೊನಾ ಕಾಲದಲ್ಲಿ ಬಸ್ಸು ಹತ್ತಲು ಹೆದರಿದ ಕುಟುಂಬಗಳು ಈ ಕಂಪನಿಗಳ ಕಡೆ ತಿರುಗಿದವು. 2021ರಲ್ಲಿ ಚಿಪ್‌ಗಳ ಕೊರತೆಯಿಂದ ಹೊಸ ಕಾರಿಗೆ ತಿಂಗಳುಗಟ್ಟಲೆ, ಕೆಲವು ಮಾದರಿಗಳಿಗೆ ವರ್ಷವೇ ಕಾಯಬೇಕಾಗಿ ಬಂದಾಗ ಹಳೇ ಕಾರಿನ ಬೆಲೆ ಮತ್ತೆ ಏರಿತು. ಫಿಯೆಟ್ ಕಾಲದ ಸರತಿಯನ್ನು ಕಥೆಯಲ್ಲಿ ಮಾತ್ರ ಕೇಳಿದ್ದ ತಲೆಮಾರು ಅದರ ಸಣ್ಣ ರುಚಿ ನೋಡಿತು.

ಇದೇ 2015ರ ಏಪ್ರಿಲ್‌ನಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ದೆಹಲಿ ಸುತ್ತಮುತ್ತ 10 ವರ್ಷ ದಾಟಿದ ಡೀಸೆಲ್ ವಾಹನಗಳು ಓಡಬಾರದೆಂದಿತು. 15 ದಾಟಿದ ಪೆಟ್ರೋಲ್ ವಾಹನಗಳ ಮೇಲೂ ನಿಷೇಧ ಬಿತ್ತು. 2018ರಲ್ಲಿ ಸುಪ್ರೀಂ ಕೋರ್ಟ್ ಇದನ್ನು ಎತ್ತಿಹಿಡಿಯಿತು. ರಾಜಧಾನಿಯಲ್ಲಿ ಆಯುಷ್ಯ ಮುಗಿದ, ಆದರೆ ಇಂಜಿನ್ ಗಟ್ಟಿಯಾಗಿರುವ ದೊಡ್ಡ ಡೀಸೆಲ್ ಕಾರುಗಳು ಅಗ್ಗದ ಬೆಲೆಗೆ ದಕ್ಷಿಣದ ಪರದೆಗಳ ಮೇಲೂ ಕಾಣತೊಡಗಿದವು. ಬೆಲೆ ನೋಡಿ ಮರುಳಾಗುವ ಮುನ್ನ ಕರ್ನಾಟಕದವರು ಮಾಡಬೇಕಾದ ಲೆಕ್ಕ ಬೇರೆ ಇದೆ. ಮೂಲ ಆರ್‌ಟಿಒದಿಂದ ಎನ್‌ಒಸಿ, ಇಲ್ಲಿ ಹೊಸ ನೋಂದಣಿ, ಗಾಡಿಯ ವಯಸ್ಸಿಗೆ ತಕ್ಕ ಜೀವಿತಾವಧಿ ತೆರಿಗೆ. ವಾಹನ ತೆರಿಗೆ ಹೆಚ್ಚಿರುವ ರಾಜ್ಯಗಳಲ್ಲಿ ನಮ್ಮದೂ ಒಂದು. ಅಲ್ಲಿ ಉಳಿದ ದುಡ್ಡು ಇಲ್ಲಿನ ಕೌಂಟರಿನಲ್ಲಿ ಹೋಗುತ್ತದೆ.

ತಪಾಸಣೆ, ಹರಾಜು, ಸಾಲ, ಮನೆಬಾಗಿಲಿಗೆ ತಲುಪಿಸುವುದು ಎಲ್ಲವೂ ಚುರುಕಾದವು. ಚುರುಕಾಗದೆ ಉಳಿದದ್ದು ಹೆಸರು ಬದಲಾವಣೆ. ಮೋಟಾರು ವಾಹನ ಕಾಯ್ದೆಯ 50ನೇ ಕಲಂ ಪ್ರಕಾರ ರಾಜ್ಯದೊಳಗಿನ ಮಾರಾಟವಾದರೆ ಮಾರಿದವರು 14 ದಿನಗಳಲ್ಲಿ, ಕೊಂಡವರು 30 ದಿನಗಳಲ್ಲಿ ಆರ್‌ಟಿಒಗೆ ತಿಳಿಸಬೇಕು. ಅದಕ್ಕೇ ಫಾರಂ 29, ಫಾರಂ 30. ಸಾಲವಿದ್ದ ಗಾಡಿಯಾದರೆ ಅದು ತೀರಿತೆಂಬ ಫಾರಂ 35 ಸಹ ಬೇಕು. ಆದರೆ ಗಾಡಿ ಮೊದಲು ವ್ಯಾಪಾರಿಯ ಕೈಗೆ ಹೋಗಿ, ಅವನಿಂದ ಇನ್ನೊಬ್ಬ ವ್ಯಾಪಾರಿಗೆ, ಅವನಿಂದ ಗಿರಾಕಿಗೆ ಹೋಗುವಾಗ ಪ್ರತಿ ಸಲವೂ ಹೆಸರು ಬದಲಿಸುವವರು ಯಾರು? ಖಾಲಿ ಫಾರಮ್ಮಿಗೆ ಸಹಿ ಹಾಕಿಸಿಕೊಂಡು, ಕೊನೆಯ ಗಿರಾಕಿ ಸಿಗುವವರೆಗೆ ಮೊದಲ ಮಾಲೀಕನ ಹೆಸರಿನಲ್ಲೇ ಗಾಡಿ ತಿರುಗಾಡುವುದು ಎಲ್ಲ ಕಡೆ ನಡೆದು ಬಂದ ರೀತಿ.

ಇದರ ಬೆಲೆ ಏನೆಂದು 2018ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ಒಂದು ತೀರ್ಪು ಹೇಳುತ್ತದೆ. 2009ರ ಮೇ ತಿಂಗಳ ಒಂದು ಸಂಜೆ ಹಿಂದಕ್ಕೆ ಚಲಿಸಿದ ಮಾರುತಿ ಕಾರಿಗೆ ಸಿಕ್ಕಿ ಒಬ್ಬ ಹುಡುಗ ಸತ್ತ, ಜೊತೆಗಿದ್ದ ಹೆಣ್ಣುಮಗಳಿಗೆ ಪೆಟ್ಟಾಯಿತು. ಆರ್‌ಸಿಯಲ್ಲಿ ಹೆಸರಿದ್ದವರು ಆ ಕಾರನ್ನು 2007ರಲ್ಲೇ ಮಾರಿದ್ದೆ ಎಂದರು. ಅಲ್ಲಿಂದ ಅದು ಇನ್ನೂ ಕೆಲವು ಕೈ ದಾಟಿತ್ತು. ದಾಖಲೆಯಲ್ಲಿ ಮಾತ್ರ ಮೊದಲ ಹೆಸರೇ. ಕೋರ್ಟು ಹೇಳಿದ್ದು ಇಷ್ಟು: ಕಾಯ್ದೆಯ ಕಣ್ಣಿನಲ್ಲಿ ಮಾಲೀಕ ಎಂದರೆ ಯಾರ ಹೆಸರಿನಲ್ಲಿ ನೋಂದಣಿಯಿದೆಯೋ ಅವನು, ಪರಿಹಾರದ ಹೊಣೆ ಅವನದೇ, ನೊಂದವರು ಗಾಡಿ ಯಾರಿಂದ ಯಾರಿಗೆ ಹೋಯಿತೆಂದು ಹುಡುಕುತ್ತ ಅಲೆಯಬೇಕಾಗಿಲ್ಲ. ಮಗುವನ್ನು ಕಳೆದುಕೊಂಡ ಮನೆಯವರ ಕಡೆಯಿಂದ ನೋಡಿದರೆ ಇದಕ್ಕಿಂತ ನ್ಯಾಯವಾದ ಮಾತಿಲ್ಲ. ಗಾಡಿ ಮಾರಿ ನಿಶ್ಚಿಂತೆಯಾಗಿ ಮಲಗಿದವರನ್ನು ಎಬ್ಬಿಸಬೇಕಾದ ಮಾತೂ ಇದೇ.

ಈ ಕಷ್ಟ ಭಾರತದ್ದಷ್ಟೇ ಅಲ್ಲ. ಕಾರನ್ನು ಗಾಜಿನ ಗೋಪುರದಿಂದ ಯಂತ್ರದ ಮೂಲಕ ಇಳಿಸಿ ಕೊಡುತ್ತಿದ್ದ ಅಮೆರಿಕದ ಕಾರ್ವಾನಾ ಕಂಪನಿಯ ಪರವಾನಗಿಯನ್ನು 2022ರ ಮೇ ತಿಂಗಳಲ್ಲಿ ಇಲಿನಾಯ್ ರಾಜ್ಯ ಅಮಾನತು ಮಾಡಿತು. ಕಾರಣ, ಗಿರಾಕಿಗಳ ಹೆಸರಿಗೆ ಒಡೆತನದ ಕಾಗದ ಸಕಾಲಕ್ಕೆ ವರ್ಗವಾಗುತ್ತಿರಲಿಲ್ಲ.

2022ರ ಡಿಸೆಂಬರ್‌ನಲ್ಲಿ ಕೇಂದ್ರ ಸಾರಿಗೆ ಸಚಿವಾಲಯ ಹೊಸ ನಿಯಮಗಳನ್ನು ಹೊರಡಿಸಿತು. 2023ರ ಏಪ್ರಿಲ್ 1ರಿಂದ ಅವು ಜಾರಿಯಲ್ಲಿವೆ. ಹಳೇ ಗಾಡಿಯ ವ್ಯಾಪಾರಿ ನೋಂದಣಿ ಅಧಿಕಾರಿಯಿಂದ ಅಧಿಕೃತ ಪತ್ರ ಪಡೆಯಬೇಕು. ಮಾಲೀಕ ಅವನಿಗೆ ಗಾಡಿ ಒಪ್ಪಿಸಿದ ಕೂಡಲೇ ಅದು ಸರ್ಕಾರಕ್ಕೆ ತಿಳಿಯಬೇಕು. ಅಲ್ಲಿಂದ ಮುಂದೆ, ಕೊನೆಯ ಗಿರಾಕಿಯ ಹೆಸರಿಗೆ ಆಗುವವರೆಗೆ, ವ್ಯಾಪಾರಿಯೇ ಮಾಲೀಕನೆಂದು ಲೆಕ್ಕ. ಗಾಡಿಯನ್ನು ಸುಮ್ಮನೆ ರಸ್ತೆಗಿಳಿಸುವಂತಿಲ್ಲ, ಓಡಿಸಿದ ಪ್ರತಿ ಸಲವೂ ಎಲ್ಲಿಗೆ, ಯಾಕೆ ಎಂದು ದಾಖಲಿಸಬೇಕು. ಶತಮಾನದಷ್ಟು ಹಳೆಯ ಈ ದಂಧೆಯಲ್ಲಿ ಮಧ್ಯದಲ್ಲಿ ನಿಂತವನನ್ನು ಕಾನೂನು ಮೊದಲ ಬಾರಿಗೆ ಕಣ್ಣಿಟ್ಟು ನೋಡಿತು. 2024ರ ಡಿಸೆಂಬರ್‌ನಲ್ಲಿ ಜೈಸಲ್ಮೇರ್‌ನಲ್ಲಿ ಸೇರಿದ ಜಿಎಸ್‌ಟಿ ಮಂಡಳಿ ಇವನ ಲಾಭಾಂಶದ ಮೇಲಿನ ತೆರಿಗೆಯನ್ನು ಎಲ್ಲ ಬಗೆಯ ಹಳೇ ಕಾರುಗಳಿಗೂ ಶೇ 18ಕ್ಕೆ ತಂದಿತು. ತೆರಿಗೆ ಹೊರೆ ಎನ್ನುವವರಿದ್ದಾರೆ. ಲೆಕ್ಕಕ್ಕೆ ಸಿಗದ ವ್ಯಾಪಾರಿ ಲೆಕ್ಕಕ್ಕೆ ಸಿಕ್ಕದ್ದು ಗಿರಾಕಿಗೆ ಒಳ್ಳೆಯದೇ.

ಉಳಿದಿರುವ ದೊಡ್ಡ ತೂತು ಮೀಟರಿನದು. ಫಿಯೆಟ್ ಕಾಲದಲ್ಲಿ ಕೇಬಲ್ ಬಿಚ್ಚಿ ಡ್ರಿಲ್ಲಿಂಗ್ ಯಂತ್ರ ಸಿಕ್ಕಿಸಿ ಹಿಂದಕ್ಕೆ ತಿರುಗಿಸುತ್ತಿದ್ದರು. ಈಗ ಡಿಜಿಟಲ್ ಮೀಟರನ್ನು ಲ್ಯಾಪ್‌ಟಾಪಿನಿಂದ ನಿಮಿಷಗಳಲ್ಲಿ ಬದಲಿಸುತ್ತಾರೆ. 1,40,000 ಕಿಲೋಮೀಟರ್ ಓಡಿದ ಗಾಡಿ 60,000 ತೋರಿಸುತ್ತದೆ. ಅಮೆರಿಕ 1972ರಲ್ಲೇ ಇದನ್ನು ಕೇಂದ್ರ ಕಾನೂನಿನಡಿ ಅಪರಾಧ ಮಾಡಿ, ಒಡೆತನ ವರ್ಗವಾಗುವಾಗ ಓಡಿದ ದೂರವನ್ನು ಬರೆದು ಸಹಿ ಹಾಕಬೇಕೆಂದಿತು. ಬೆಲ್ಜಿಯಂ 2006ರಿಂದ ಗ್ಯಾರೇಜುಗಳು ಪ್ರತಿ ಸರ್ವೀಸಿನಲ್ಲೂ ಮೀಟರಿನ ಅಂಕಿಯನ್ನು ಒಂದೇ ಕಡೆ ದಾಖಲಿಸುವ ‘ಕಾರ್-ಪಾಸ್’ ಪದ್ಧತಿ ತಂದಿತು, ಮೋಸ ತೀರಾ ಇಳಿಯಿತು. ನಮ್ಮ ಫಾರಂ 29 ಮತ್ತು 30ರಲ್ಲಿ ಚಾಸಿ ನಂಬರ್ ಇದೆ, ಇಂಜಿನ್ ನಂಬರ್ ಇದೆ, ಇಬ್ಬರ ವಿಳಾಸವಿದೆ, ಓಡಿದ ಕಿಲೋಮೀಟರಿಗೆ ಒಂದು ಸಾಲು ಇಲ್ಲ. ಸರ್ವೀಸ್ ಕೇಂದ್ರಗಳ ಗಣಕದಲ್ಲಿ ಆ ಅಂಕಿ ಈಗಲೂ ಬಿದ್ದಿದೆ, ಹೊರಗಿನ ಗಿರಾಕಿಗೆ ಸಿಗದಂತೆ. ವ್ಯಾಪಾರಿಯನ್ನು ನಿಯಮದೊಳಗೆ ತಂದ ಸಚಿವಾಲಯಕ್ಕೆ ಈ ಒಂದು ಸಾಲನ್ನು ಸೇರಿಸಲು ಬೇಕಾಗಿರುವುದು ಇನ್ನೊಂದು ಅಧಿಸೂಚನೆ.